ಝಾಂಜು ಮತ್ತು ಹಾಲಿನ ಪಾತ್ರೆ

ಮನುಷ್ಯನಿಗೆ ಹಾಡಲು ಬರದಿದ್ದರೂ ನಡೆಯುತ್ತದೆ, ಓಡಲು ಮಾತ್ರ ಬರಬಾರದು. ನನಗೆ ಚೆನ್ನಾಗಿ ಬರುತ್ತಿತ್ತು. ಅದರ ಫಲವಾಗಿ ನನ್ನ ಜೋಡಿ ಝಾಂಜಿನಲ್ಲಿ, ಅಂದರೆ ದೊಡ್ಡ ಕಂಚಿನ ತಾಳಗಳಲ್ಲಿ, ಒಂದು ನಮ್ಮ ಹಾಲಿನ ಪಾತ್ರೆಯ ಮುಚ್ಚಳವಾಯಿತು. ನಡುವೆ ತೂತಿರುವುದರಿಂದ ಹಾಲು ಉಕ್ಕುವುದಿಲ್ಲವೆಂದು ಹೆಂಡತಿ ಶಾಂತಾ ನೆರೆಯವರಿಗೆಲ್ಲ ಹೇಳಿಕೊಂಡು ಬಂದಳು.

ಸೊಲ್ಲಾಪುರದ ಕಾಲೇಜಿನಲ್ಲಿ ನಾವು ನಾಲ್ವರು ಮೇಳ ಕಟ್ಟಿದ್ದೆವು. ಕುರಿ ಸಾಕುವ ಮನೆತನದ ವಾಗದರಿಯ ಭೀಮಣ್ಣನದು ಡೊಳ್ಳು, ಇನ್ನಿಬ್ಬರದು ಹವಾಯಿ ಗಿಟಾರು ಮತ್ತು ಹಾರ್ಮೋನಿಯಂ, ಅರಿವೆ ಅಂಗಡಿಯ ಮಗನಾದ ನನ್ನದು ಝಾಂಜು. ಕುರಿಗಾರರ ದೇವರಾದ ಬೀರೋಬನ ಹಾಡಿಗೆ ಗಿಟಾರು ಹಚ್ಚಿದಾಗ ಪ್ರಿನ್ಸಿಪಾಲರು ಕಿವಿ ಮುಚ್ಚಿಕೊಂಡರು, ಹುಡುಗರು ಬೆಂಚು ಹತ್ತಿ ಕುಣಿದರು. ಮುಂದೆ ಪುಣೆ, ಮುಂಬಯಿ ಕಾಲೇಜುಗಳಾಗಿ ಕಡೆಗೆ ದಿಲ್ಲಿಯಿಂದಲೇ ಕರೆ ಬಂತು.

ದಿಲ್ಲಿಯ ಸಭಾಗೃಹದ ಮುಂದಿನ ಸಾಲಿನಲ್ಲಿ ಬಿಳಿ ಖಾದಿಯ ಮಂತ್ರಿಗಳು. ಭಂಡಾರ ಹಾರಿಸದೆ, ಅಂದರೆ ದೇವರ ಅರಿಶಿನ ಪುಡಿ ತೂರದೆ, ಭೀಮಣ್ಣ ಡೊಳ್ಳು ಮುಟ್ಟುವವನಲ್ಲ. "ಇಲ್ಲಿ ಬ್ಯಾಡೋ ಭೀಮ್ಯಾ" ಎಂದೆ. "ಬೀರೋಬಾಗ ದಿಲ್ಲಿ ಏನು, ವಾಗದರಿ ಏನಲೇ?" ಎನ್ನುತ್ತ ಬೊಗಸೆ ತುಂಬ ತೂರಿಯೇಬಿಟ್ಟ. ಮೇಲೆ ಫ್ಯಾನು ತಿರುಗುತ್ತಿತ್ತು. ಅರ್ಧ ಸರಕಾರ ಹಳದಿಯಾಯಿತು. ನನ್ನ ಕಣ್ಮುಂದೆ ಜೇಲು ಬಂತು. ಝಾಂಜು ಕಂಕುಳಲ್ಲಿಟ್ಟುಕೊಂಡು ಹಿಂದಿನ ಬಾಗಿಲಿನಿಂದ ಸೀದಾ ಸ್ಟೇಶನ್ನಿಗೆ ಓಡಿದೆ. ಮಂತ್ರಿಗಳೋ, ಆಶೀರ್ವಾದವೆಂದು ಕೈಮುಗಿದು, ಇನ್ನೊಮ್ಮೆ ಬಾರಿಸಿ ಎಂದರಂತೆ! ಪತ್ರಿಕೆಯ ಚಿತ್ರದಲ್ಲಿ ಮೂವರೇ ಇದ್ದರು. ಅವರು ದೇಶವೆಲ್ಲ ಸುತ್ತಿ ಹೆಸರು ಮಾಡಿದರು, ನಾನು ಅಂಗಡಿಯಲ್ಲಿ ಗಜಕಡ್ಡಿ ಹಿಡಿದೆ. ಸುಳ್ಳೇಕೆ, ಹೊಟ್ಟೆ ಉರಿಯಿತು.

ಮೊನ್ನೆ ಅದೇ ಮೇಳ ಅಕ್ಕಲಕೋಟಕ್ಕೆ ಬಂತು. ಒಂದೇ ಒಂದು ಸಲ ಅವರ ಜೊತೆ ಬಾರಿಸಬೇಕೆಂಬ ಆಸೆ ನನಗೆ. ಹಾಲಿನ ಪಾತ್ರೆಯಿಂದ ಝಾಂಜು ಬಿಡಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಜೋಡಿ ಮಾಡಿಕೊಂಡು ಶಾಂತಾಳೊಡನೆ ಬಸ್ಸು ಹತ್ತಿದೆ. ಭೀಮಣ್ಣ ವೇದಿಕೆಯಿಂದಲೇ ಗುರುತು ಹಿಡಿದು ಕೂಗಿದ: "ಏ ಶೇಠಜಿ, ಮ್ಯಾಲ ಬಾರೋ! ನಿನ್ನ ಜಾಗಾ ಇನ್ನೂ ಖಾಲಿ ಐತಿ." ಹತ್ತಿ ನಿಂತೆ. ಅವನು ಭಂಡಾರದ ಚೀಲಕ್ಕೆ ಕೈ ಹಾಕಿದ. ಎದುರಿಗೆ ಮೊದಲ ಸಾಲಿನಲ್ಲಿ, ಮುತ್ತಿನಂಥ ಬಿಳಿಯ ಹೊಸ ರೇಷ್ಮೆ ಸೀರೆಯಲ್ಲಿ, ಶಾಂತಾ! ನನ್ನ ಕಾಲುಗಳು ತಾವಾಗಿಯೇ ಹಿಂದಿನ ಬಾಗಿಲು ಹುಡುಕಿದವು.

"ಓಡಬ್ಯಾಡ್ರಿ!" ಅವಳು ಎದ್ದು ನಿಂತು ಕೂಗಿದಳು. "ಸೀರಿ ಹಾಳಾದ್ರ ಆಗಲಿ, ನಮ್ಮ ಅಂಗಡ್ಯಾಗ ಸೀರಿಗೇನ್ ಕಡಿಮಿ? ಬಾರಸ್ರಿ!"

ಬಾರಿಸಿದೆ. ಮನಸಾರೆ ಬಾರಿಸಿದೆ. ಈಗ ಝಾಂಜಿನ ಜೋಡಿ ದೇವರ ಮಾಡದಲ್ಲಿದೆ, ಹಾಲಿಗೆ ಪೇಟೆಯ ಹೊಸ ಮುಚ್ಚಳ ಬಂದಿದೆ. ಅದಕ್ಕೆ ತೂತಿಲ್ಲ, ದಿನಾ ಹಾಲು ಉಕ್ಕುತ್ತದೆ. ಪಡಸಾಲೆಯಿಂದ ಎದ್ದು ಹೋಗಿ ಪಾತ್ರೆ ಇಳಿಸುವ ಕೆಲಸ ನನ್ನ ಪಾಲಿನದು. ಯಾಕೆಂದು ಕೇಳಿದರೆ ಶಾಂತಾ ಹೇಳುತ್ತಾಳೆ: "ಓಡೂದು ನಿಮಗ ಛಲೋ ಬರ್ತದಲ್ರಿ."