ಮುಹೂರ್ತದ ಫೈಲು ಮತ್ತು ನನ್ನ ಜಂಬ

ಜಂಬ ಪಡುವುದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ಆದರೆ ಐವತ್ತು ದಾಟಿದ ಮೇಲೆ ಅದಕ್ಕೆ ಅವಕಾಶಗಳೇ ಕಡಿಮೆ, ಸಿಕ್ಕಿದ್ದನ್ನು ಬಿಡಬಾರದು. ವಿಜಯನಗರದ ಒಂದು ದರ್ಶಿನಿಯ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸು. ಕಲ್ಯಾಣ ಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಬರೆಯುವುದು ನಮ್ಮ ಕಸುಬು. ಏನಾದರೂ ಎಡವಟ್ಟಾದರೆ ಮಂಟಪದವರು ಫೋನ್ ಮಾಡುತ್ತಾರೆ. ಆ ದೂರನ್ನೂ ಕೊನೆಗೆ ತಪ್ಪು ಸಿಕ್ಕಿದ ಕೋಡ್ ಫೈಲಿನ ಹೆಸರನ್ನೂ ದಾಖಲಿಸಿಡುತ್ತೇವೆ. ವರ್ಷಗಟ್ಟಲೆ ಸೇರಿದ ಈ ದೂರುಗಳನ್ನೆಲ್ಲ ಓದಿಕೊಂಡು, ಹೊಸ ದೂರು ಬಂದ ಕೂಡಲೇ ತಪ್ಪು ಯಾವ ಫೈಲಿನಲ್ಲಿರಬಹುದು ಎಂದು ಹೇಳುವ ಪ್ರೋಗ್ರಾಂ ಒಂದನ್ನು ನಾನೊಬ್ಬನೇ ಬರೆದೆ. ಮನೆಯಲ್ಲಿ ವಿವರಿಸಿದಾಗ ಹೆಂಡತಿ, "ಅಷ್ಟೇನಾ? ಮಿಕ್ಸಿ ಸದ್ದು ಕೇಳಿ ಯಾವ ಜಾರ್ ಬ್ಲೇಡ್ ಹೋಗಿದೆ ಅಂತ ನಾನೂ ಹೇಳ್ತೀನಿ" ಎಂದಳು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡೆ.

ಮೊನ್ನೆ ನಮ್ಮ ಬಾಸ್ ಎದುರು ಅದರ ಪರೀಕ್ಷೆ. ಸರಿ ಹೇಳಿದರೆ ಆಫೀಸಿನವರೆಲ್ಲ ಅದನ್ನೇ ಬಳಸಬೇಕು. ತಪ್ಪಿದರೆ ನನ್ನ ಎಂಟು ತಿಂಗಳ ಕೆಲಸ ಮೂಲೆಗೆ. ಅವತ್ತೇ ಕೆಂಗೇರಿಯ ಮಂಟಪವೊಂದರಿಂದ ದೂರು ಬಂದಿತ್ತು: ಮುಂದಿನ ತಿಂಗಳ ಒಂದು ಶುಕ್ರವಾರ, ಬೆಳಗಿನ ಜಾವದ ಮುಹೂರ್ತಕ್ಕೆ ಕೊಟ್ಟ ಮಂಟಪವನ್ನೇ ಇನ್ನೊಂದು ಮದುವೆಗೂ ಕೊಡಲಾಗಿದೆ.

"ಬುಕಿಂಗ್ ಫೈಲು ಸಾರ್, ತಪ್ಪು ನಂದೇ ಇರ್ಬೇಕು" ಎಂದಳು ಅದನ್ನು ಬರೆದ ಮಂಜುಳಾ, ಪಾಪ. ನಾನು ಗತ್ತಿನಿಂದ ದೂರನ್ನು ಪ್ರೋಗ್ರಾಂಗೆ ಕೊಟ್ಟೆ. ತಪ್ಪು ಇರುವುದು ಪುರೋಹಿತರು ಬರೆದುಕೊಟ್ಟ ಮುಹೂರ್ತವನ್ನು ಓದಿ ದಿನ ಗೊತ್ತುಮಾಡುವ ಮುಹೂರ್ತದ ಫೈಲಿನಲ್ಲಿ ಎಂದು ಅದು ತೋರಿಸಿತು. ಆ ಫೈಲು ಬರೆದವನು ನಾನು.

"ಇದಿನ್ನೂ ಕಲೀತಾ ಇದೆ ಸಾರ್, ಒಂದೊಂದ್ಸಲ ತಪ್ಪು ಹೇಳುತ್ತೆ" ಎಂದೆ. ಹತ್ತು ನಿಮಿಷದ ಹಿಂದೆ ಅದು ತಪ್ಪುವುದೇ ಇಲ್ಲ ಎಂದಿದ್ದವನೂ ನಾನೇ.

"ಯಾವುದಕ್ಕೂ ತೆಗೆದು ನೋಡ್ಬಿಡಿ" ಎಂದರು ಬಾಸ್.

ತೆಗೆದೆ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಕಂಪ್ಯೂಟರಿನಲ್ಲಿ ಮಧ್ಯರಾತ್ರಿಗೆ. ನಾಲ್ಕೂವರೆಯ ಮುಹೂರ್ತವಾದರೆ ಪುರೋಹಿತರು 'ಗುರುವಾರ, ಬೆಳಗಾದರೆ ಶುಕ್ರವಾರ' ಎಂದು ಬರೆಯುತ್ತಾರೆ. ನನ್ನ ಫೈಲು ಗುರುವಾರವನ್ನಷ್ಟೇ ಓದಿ ಮುಂದೆ ಹೋಗಿತ್ತು. ಶುಕ್ರವಾರ ಖಾಲಿ ಇದೆಯೆಂದು ಮಂಜುಳಾಳ ಫೈಲು ಮಂಟಪವನ್ನು ಇನ್ನೊಬ್ಬರಿಗೆ ಕೊಟ್ಟಿತ್ತು.

ಪುಣ್ಯಕ್ಕೆ ಎರಡನೆಯವರ ಲಗ್ನಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ, ಭಾನುವಾರಕ್ಕೆ ಒಪ್ಪಿದರು. ಪ್ರೋಗ್ರಾಂ ಪಾಸಾಯಿತು. ದೂರನ್ನು ದಾಖಲೆಗೆ ಸೇರಿಸುವಾಗ 'ಕಂಡುಹಿಡಿದವರು' ಎಂಬಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. 'ತಪ್ಪು ಸಿಕ್ಕಿದ ಫೈಲು' ಎಂಬ ಜಾಗವನ್ನು ಖಾಲಿ ಬಿಟ್ಟೆ.

ಮಂಜುಳಾ ಹಿಂದೆಯೇ ನಿಂತಿದ್ದಳು. "ಅದನ್ನೂ ತುಂಬಿ ಸಾರ್. ಇಲ್ದಿದ್ರೆ ಪ್ರೋಗ್ರಾಂ ಹೇಗೆ ಕಲಿಯುತ್ತೆ?"

ತುಂಬಿದೆ. ಚೆನ್ನಾಗಿಯೇ ಕಲಿತಿದೆ, ಈಚೆಗೆ ಯಾವ ದೂರು ಕೊಟ್ಟರೂ ಅದರ ಮೊದಲ ಅನುಮಾನ ನನ್ನ ಫೈಲುಗಳ ಮೇಲೆಯೇ. ಬಹಳ ಸಲ ಅದು ಹೇಳುವುದು ಸರಿ ಕೂಡ. ಎಷ್ಟೆಂದರೂ ಅದನ್ನು ಬರೆದವನು ನಾನಲ್ಲವೇ.