ನಾನೂರು ಮೀಟರಿನ ‘ಆಂಡ್’

ಐವತ್ತು ದಾಟಿದ ಗಂಡಸಿಗೆ ನಾಚಿಕೆಪಡಲು ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿವೆ. ಕೆಲವರು ಗುಟ್ಟಾಗಿ ಮೀಸೆಗೆ ಬಣ್ಣ ಹಚ್ಚುತ್ತಾರೆ. ಕೆಲವರು ಸಕ್ಕರೆ ಕಾಯಿಲೆ ಇದ್ದೂ ಮದುವೆಯೂಟದಲ್ಲಿ ಹೆಂಡತಿ ಅತ್ತ ತಿರುಗಿದಾಗ ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಾರೆ. ಇವನ್ನೆಲ್ಲ ಲೋಕ ಕ್ಷಮಿಸುತ್ತದೆ. ನನ್ನದು ಆ ಜಾತಿಯದ್ದಲ್ಲ. ನಾನು ಐವತ್ತಮೂರನೆಯ ವಯಸ್ಸಿನಲ್ಲಿ ಮೊಬೈಲಿನೊಳಗಿನ ಒಂದು ಯುದ್ಧದಲ್ಲಿ ಸ್ನೈಪರ್ ಆಗಲು ಹೊರಟವನು. ಅಂದರೆ ಎಲ್ಲರಿಗಿಂತ ಹಿಂದೆ, ಯಾವುದಾದರೂ ಗುಡ್ಡದ ಮೇಲೆ ಕವುಚಿ ಮಲಗಿ, ಕಣ್ಣಿಗೆ ಕಾಣದಷ್ಟು ದೂರದವನಿಗೆ ಗುಂಡು ಹೊಡೆಯುವವನು. ಹಾಗೆ ಹೊರಟದ್ದಕ್ಕೆ ಅಷ್ಟೇನೂ ನಾಚಿಕೆಯಿಲ್ಲ. ಹೊರಟು ಮಾಡಿದ ಒಂದು ಘನಕಾರ್ಯವನ್ನು ನೆನೆದರೆ ಮಾತ್ರ ಒಬ್ಬನೇ ಇರುವಾಗಲೂ ಮುಖ ಬಿಸಿಯಾಗುತ್ತದೆ.

ನನ್ನ ಕಸುಬು ಜಾಗ ಅಳೆಯುವುದು. ಪುಂಜಾಲಕಟ್ಟೆಯಲ್ಲಿ ಮನೆ, ಬಂಟ್ವಾಳದ ಕಡೆಯವರಿಗೂ ಬೆಳ್ತಂಗಡಿಯ ಕಡೆಯವರಿಗೂ ಗಡಿಕಲ್ಲು ತೋರಿಸಿಕೊಡುವ ಲೈಸೆನ್ಸ್ ಸರ್ವೆಯರ್. ಮೂವತ್ತು ವರ್ಷ ದುರ್ಬೀನಿಗೆ ಕಣ್ಣಿಟ್ಟು ದೂರದ ಕೋಲು ನೋಡಿದವನಿಗೆ ಒಂದು ಕಣ್ಣು ತನ್ನಷ್ಟಕ್ಕೇ ಮುಚ್ಚುತ್ತದೆ. ನನ್ನ ಮದುವೆಯ ಫೋಟೋದಲ್ಲೂ ಎಡಗಣ್ಣು ಅರ್ಧ ಮುಚ್ಚಿದೆ. ಅದನ್ನು ನೋಡಿ ಮಾವನವರು ಬಹಳ ಕಾಲ ಬೇರೆಯೇ ಅರ್ಥ ಮಾಡಿಕೊಂಡಿದ್ದರಂತೆ. ಕಳೆದ ಮಳೆಗಾಲದ ಕೊನೆಗೆ ಬೆಳ್ತಂಗಡಿಯ ಆಚೆ ನೀರು ತುಂಬಿದ ಒಂದು ತೋಡು ದಾಟುವಾಗ ಜಾರಿ ಬಿದ್ದು ಕಾಲು ಮುರಿಯಿತು. ಎರಡು ತಿಂಗಳು ಪ್ಲಾಸ್ಟರ್. ಮನೆಯಲ್ಲಿ ಕೂತ ನಾನು ಸುಮ್ಮನೆ ಕೂರಲಿಲ್ಲ. ಹೆಂಡತಿ ವಸಂತಿ ತೆಂಗಿನಕಾಯಿ ಹೆರೆಯುವ ರೀತಿ, ಬಟ್ಟೆ ಒಣಹಾಕುವ ರೀತಿ, ಎಲ್ಲದಕ್ಕೂ ಸಲಹೆ ಕೊಡತೊಡಗಿದೆ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಅಲ್ಲೇ ರೂಮು ಮಾಡಿಕೊಂಡಿರುವ ಮಗಳು ದೀಕ್ಷಾ ಒಂದು ಆದಿತ್ಯವಾರ ಬಂದವಳು ಅಮ್ಮನ ಮುಖ ನೋಡಿ, ನನ್ನ ಫೋನು ತೆಗೆದುಕೊಂಡು, ಈ ಆಟವನ್ನು ಹಾಕಿಕೊಟ್ಟಳು. “ದಿನಾ ಐದು ಗಂಟೆಗೆ ನಾನೂ ಬರ್ತೇನೆ ಅಪ್ಪ. ಅರ್ಧ ಗಂಟೆ ಆಡುವ. ಅಮ್ಮ ಸ್ವಲ್ಪ ಉಸಿರು ಬಿಡ್ಲಿ.”

ಮೂರನೆಯವರಾಗಿ ಸೇರಿದವರು ವಾಮದಪದವಿನ ಹಮೀದಾಕ. ಹಾರ್ಡ್‌ವೇರ್ ಅಂಗಡಿ, ನನಗಿಂತ ನಾಲ್ಕು ವರ್ಷ ದೊಡ್ಡವರು, ದೀಕ್ಷಾಳನ್ನು ಅಂಬೆಗಾಲಿಕ್ಕುವಾಗಿನಿಂದ ಬಲ್ಲವರು. ಆಡುತ್ತಾ ಫೋನಿನಲ್ಲೇ ಒಬ್ಬರಿಗೊಬ್ಬರು ಮಾತಾಡಬಹುದು; ವೈರಿ ಯಾವ ಕಡೆ ಇದ್ದಾನೆಂದು ಕೂಗಿ ಹೇಳುವುದೇ ಅದರ ಉದ್ದೇಶ. ನಮ್ಮ ಕಡೆ ಎಡ ಬಲ ಎನ್ನುವ ರೂಢಿ ಕಮ್ಮಿ. ಊಟಕ್ಕೆ ಕೂತವನಿಗೂ ‘ಸ್ವಲ್ಪ ತೆಂಕಕ್ಕೆ ಸರಿಯಿರಿ’ ಎನ್ನುವವರು ನಾವು. ಅದರಲ್ಲೂ ನಾನು ಸರ್ವೆಯರ್, ದಿಕ್ಕಿನ ವಿಷಯದಲ್ಲಿ ನನಗೆ ಯಾರು ಹೇಳಬೇಕು? ಮೊದಲ ದಿನವೇ ಗಂಭೀರವಾಗಿ “ಪಡ್ಡಾಯಿ! ಪಡ್ಡಾಯಿಯಲ್ಲಿ ಇಬ್ಬರು ಇದ್ದಾರೆ!” ಎಂದು ಕೂಗಿದೆ. ಪಡ್ಡಾಯಿ ಎಂದರೆ ತುಳುವಿನಲ್ಲಿ ಪಡುವಣ. ಹಮೀದಾಕ ಪಶ್ಚಿಮಕ್ಕೆ ಬಂದೂಕು ತಿರುಗಿಸಿ ನಿಂತರು, ಬೆನ್ನಿಗೆ ಗುಂಡು ತಿಂದು ಸತ್ತರು. ಎರಡನೆಯ ದಿನವೂ ಹಾಗೆಯೇ ಆಯಿತು, ಮೂರನೆಯ ದಿನವೂ. ಆಮೇಲೆ ಮಗಳು ಕಂಡುಹಿಡಿದಳು: ಆಟ ನಡೆಯುವುದು ಒಂದು ದ್ವೀಪದಲ್ಲಿ, ಸುತ್ತಲೂ ಸಮುದ್ರ. ನಾನೋ ಎಲ್ಲಿ ನೀರು ಕಂಡಿತೋ ಅದನ್ನೇ ಪಡ್ಡಾಯಿ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದ ಸಮುದ್ರ ಪಶ್ಚಿಮದಲ್ಲೇ ಇರುವ ಊರಿನವನಿಗೆ ಬೇರೆ ಕಡೆಯೂ ಸಮುದ್ರ ಇರಬಹುದೆಂದು ಹೊಳೆಯುವುದಾದರೂ ಹೇಗೆ?

“ಸದಾಶಿವಣ್ಣ, ನಿಮ್ಮ ಪಡ್ಡಾಯಿ ನಂಬಿ ನಾನು ಮೂರು ಸಲ ಸತ್ತೆ ಮಾರಾಯ್ರೆ” ಎಂದರು ಹಮೀದಾಕ. “ನೀವು ನಮ್ಮ ಅಂಗಡಿಯ ಜಾಗ ಅಳೆದದ್ದು ಸರಿ ಉಂಟಾ?”

ಈ ಅವಮಾನವೇ ನನ್ನನ್ನು ಗುಡ್ಡ ಹತ್ತಿಸಿತು. ದಿಕ್ಕು ಹೇಳುವ ಕೆಲಸ ಬೇಡ, ದೂರದಿಂದ ಹೊಡೆಯುವ ಕೆಲಸ ನನಗಿರಲಿ ಎಂದೆ. ಶುರುವಿಗೆ ಐವತ್ತು ಗುಂಡು ಹೊಡೆದರೆ ನಲುವತ್ತೊಂಬತ್ತು ಮಣ್ಣಿಗೆ, ಒಂದು ಹಮೀದಾಕನ ಪಕ್ಕದ ಗೋಡೆಗೆ. ಹಟ ಹಿಡಿದು ಕಲಿತೆ. ದೂರ ಹೋದ ಹಾಗೆ ಗುಂಡು ಕೆಳಗೆ ಇಳಿಯುತ್ತದೆ, ಆದ್ದರಿಂದ ಎದೆಗೆ ಹೊಡೆಯಬೇಕಾದರೆ ತಲೆಯ ಮೇಲೆ ಗುರಿ ಹಿಡಿಯಬೇಕು. ಓಡುವವನ ಮೇಲೆ ಗುರಿಯಿಟ್ಟರೆ ಗುಂಡು ಅವನು ಬಿಟ್ಟು ಹೋದ ಜಾಗಕ್ಕೆ ತಲುಪುತ್ತದೆ. ಅವನು ಇನ್ನು ಎಲ್ಲಿಗೆ ಬರುತ್ತಾನೋ ಅಲ್ಲಿಗೆ ಹೊಡೆಯಬೇಕು. ಒಂದು ಹೊಡೆದ ಮೇಲೆ ಅಲ್ಲೇ ಮಲಗಿರಬಾರದು. ಉಸಿರು ಬಿಗಿಹಿಡಿಯಲು ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಕೈ ನಡುಗುವುದು ನಿಲ್ಲುತ್ತದೆ. ಅದನ್ನು ಒತ್ತುವಾಗ ನಾನು ನಿಜವಾಗಿಯೂ ಉಸಿರು ಬಿಗಿಹಿಡಿಯುತ್ತಿದ್ದೆ. ವಸಂತಿ ಒಂದು ದಿನ ಚಹಾ ತಂದವಳು ನನ್ನ ಕೆಂಪಗಾದ ಮುಖ ನೋಡಿ ಹೆದರಿ ಬೆನ್ನಿಗೆ ಗುದ್ದಿದಳು. ಸೆಕೆಗೆ ಬೆವರಿ ಹೆಬ್ಬೆರಳು ಜಾರುತ್ತದೆಂದು ಕೇರಂ ಬೋರ್ಡಿನ ಪೌಡರ್ ಹಚ್ಚಿಕೊಳ್ಳುತ್ತಿದ್ದೆ. ಪ್ಲಾಸ್ಟರ್ ತೆಗೆದ ಮೇಲೂ ‘ಡಾಕ್ಟರು ಇನ್ನೂ ಸ್ವಲ್ಪ ದಿನ ಗುಡ್ಡೆ ಹತ್ತಬೇಡಿ ಎಂದಿದ್ದಾರೆ’ ಎಂದು ಒಂದೆರಡು ಕಡೆ ಅಳತೆ ಮುಂದೂಡಿದ್ದೂ ಇದೆ. ಮೊಬೈಲಿನ ಗುಡ್ಡೆಯ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ.

ಕೊನೆಯ ಸುಧಾರಣೆಯೊಂದು ಬಾಕಿಯಿತ್ತು. ಗುರಿಯಿಡುವಾಗ ಕಿವಿಯಲ್ಲಿ ಮಗಳ ಮಾತು, ಹಮೀದಾಕನ ಅಂಗಡಿಯ ಗಲಾಟೆ, ‘ಮೂರು ಇಂಚಿನ ಮೊಳೆ ಕೊಡಿ’ ಎನ್ನುವ ಗಿರಾಕಿಯ ಸ್ವರ. ಹುಡುಕಿ ಹುಡುಕಿ ಒಂದು ಉಪಾಯ ಕಂಡುಕೊಂಡೆ: ಜೊತೆಗಾರರ ಸ್ವರವನ್ನು ಪೂರ್ತಿ ಬಂದ್ ಮಾಡಿಟ್ಟರೆ ವೈರಿಯ ಹೆಜ್ಜೆ ಸಪ್ಪಳ ಸ್ಪಷ್ಟವಾಗಿ ಕೇಳುತ್ತದೆ. ಹಾಗೆಯೇ ಮಾಡಿದೆ. ಯಾರಿಗೂ ಹೇಳಲಿಲ್ಲ. ನನ್ನ ಸ್ವರ ಮಾತ್ರ ಅವರಿಗೆ ಕೇಳುತ್ತಲೇ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇದೇ ಹೊತ್ತಿಗೆ ಬೆಳುವಾಯಿಯಿಂದ ದೀಕ್ಷಾಳಿಗೆ ಒಂದು ಸಂಬಂಧ ಬಂತು. ಹುಡುಗ ಅಬುಧಾಬಿಯಲ್ಲಿ, ರಜೆಯಲ್ಲಿ ಊರಿಗೆ ಬಂದಿದ್ದ. ಜಾತಕ ಕೂಡಿತು. ಕೂಡಿದೆಯೆಂದು ಹುಡುಗನ ಸೋದರಮಾವ ಶೀನಣ್ಣನವರಿಗೆ ಫೋನು ಮಾಡಿ ಹೇಳಿದವನು ನಾನೇ. ಆದಿತ್ಯವಾರ ನೋಡಲು ಬರುತ್ತಾರೆಂದು ವಸಂತಿ ಮಗಳಿಗೂ ತಿಳಿಸಿದಳು. ಮಗಳು ಹೂಂ ಎಂದಳಂತೆ, ಉಹೂಂ ಎಂದಳಂತೆ, ವಸಂತಿಗೆ ಅದು ಸರಿಯಾಗಿ ನೆನಪಿಲ್ಲ.

ಆ ವಾರದ ಗುರುವಾರ ನನ್ನ ಜೀವಮಾನದ ಅತ್ಯುತ್ತಮ ಗುಂಡು ಹಾರಿತು. ನಾನೂರು ಮೀಟರ್ ದೂರ, ಗದ್ದೆಯಂಥ ಬಯಲಿನಲ್ಲಿ ಒಬ್ಬ ಓಡುತ್ತಿದ್ದ. ತಲೆಯಿಂದ ಸ್ವಲ್ಪ ಮೇಲೆ, ಎರಡು ಹೆಜ್ಜೆ ಮುಂದೆ ಗುರಿ ಹಿಡಿದೆ. ಹೊಡೆದೆ. ಅವನು ಬಿದ್ದ. ನಾನು ಕುರ್ಚಿಯಿಂದ ಅರ್ಧ ಎದ್ದು “ಆಂಡ್!” ಎಂದು ಕೂಗಿದೆ. ತುಳುವಿನಲ್ಲಿ ಆಂಡ್ ಎಂದರೆ ಆಯಿತು. ಕೆಲಸ ಮುಗಿದಾಗ ನಾವು ಹೇಳುವ ಮಾತು.

ಆದಿತ್ಯವಾರ ಹನ್ನೊಂದು ಗಂಟೆಗೆ ಬೆಳುವಾಯಿಯವರು ಬಂದರು: ಶೀನಣ್ಣ, ಹುಡುಗನ ತಾಯಿ, ಹುಡುಗ. ಅವರ ಜೊತೆ ಕೂತು ನಾಲ್ಕು ಮಾತಾಡಲಿ ಎಂದು ಹಮೀದಾಕನನ್ನೂ ಕರೆದಿದ್ದೆ. ಅವರು ಯಾಕೋ ಬಂದಾಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಗಳು ಬಸ್ಸಿಳಿದು ಬಂದಳು. ಒಂದು ಕೈಯಲ್ಲಿ ಬಸಳೆಯ ಕಟ್ಟು. ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಚಪ್ಪಲಿಗಳನ್ನು ನೋಡಿದಳು, ಜಗಲಿಯನ್ನು ನೋಡಿದಳು, ಸೀದಾ ಮನೆಯ ಹಿಂದೆ ಬಚ್ಚಲಿನ ಹತ್ತಿರ ಹೋಗಿ ನಿಂತಳು. ನಾನು ಕುಂಟಿಕೊಂಡು ಹಿಂದೆ ಹೋದೆ.

“ನೀವು ಆಂಡ್ ಅಂದ್ರಿ ಅಲ್ವಾ ಅಪ್ಪ?”

“ಏನು ಆಂಡ್?”

“ಸೋಮವಾರ ಹೇಳಿದ್ದೇನೆ, ನನಗೆ ಈ ಸಂಬಂಧ ಬೇಡ, ಕೆಲಸ ಬಿಟ್ಟು ಅಲ್ಲಿ ಹೋಗಿ ಫ್ಲಾಟಿನೊಳಗೆ ಕೂರ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಂತ. ಮನೆಗೆ ಫೋನು ಮಾಡಿದ್ರೆ ಅಮ್ಮ ಸ್ಪೀಕರಿಗೆ ಹಾಕ್ತಾರೆ. ಅಮ್ಮ ಇಲ್ಲದೆ ನೀವು ಸಿಗುವುದು ಆಟದಲ್ಲಿ ಮಾತ್ರ ಅಂತ ಅಲ್ಲೇ ಹೇಳಿದೆ. ನಿಮಗೆ ಅದರಲ್ಲಿ ಗುಂಡು ತಾಗಿತ್ತು, ಪಟ್ಟಿ ಕಟ್ತಾ ಕಟ್ತಾ ಹೇಳಿದ್ದೇನೆ. ನೀವು ಒಂದು ಮಾತೂ ಆಡಲಿಲ್ಲ. ಅಪ್ಪ ಯೋಚನೆ ಮಾಡ್ತಾ ಇದ್ದಾರೆ ಅಂತ ಎಣಿಸಿದೆ. ಗುರುವಾರ, ಅವರಿಗೆ ಬೇಡ ಅಂತ ಹೇಳಿ ಆಯಿತಾ ಅಂತ ಕೇಳಿದೆ. ಆಂಡ್ ಅಂತ ಬೊಬ್ಬೆ ಹಾಕಿದ್ರಿ. ನಮ್ಮ ಅಪ್ಪ ನನಗೋಸ್ಕರ ಎಷ್ಟು ಗಟ್ಟಿಯಾಗಿ ಹೇಳಿದ್ರು ಅಂತ ರೂಮಿಗೆ ಹೋಗಿ ಕೂಗಿದೆ ನಾನು.”

ಕೂಗುವುದು ಎಂದರೆ ನಮ್ಮ ಕಡೆ ಅಳುವುದು. ಅವಳು ಸಂತೋಷಕ್ಕೆ ಅತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಬಸಳೆಯ ಕಟ್ಟನ್ನು ನೋಡಿದೆ. ಸ್ವರ ಬಂದ್ ಮಾಡಿಟ್ಟಿದ್ದೆ ಎಂದು ಹೇಳಿದೆ. ಅವಳು “ಓ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಒಂದಕ್ಷರವನ್ನು ತಡೆದುಕೊಳ್ಳಲು ಕಷ್ಟವಾಯಿತು.

ನಮ್ಮ ಕಡೆ ಸಂಬಂಧ ಬೇಡವೆಂದು ಮುಖಕ್ಕೆ ಹೇಳುವ ಕ್ರಮವಿಲ್ಲ. ಯಾರದಾದರೂ ಬಾಯಲ್ಲಿ ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರೆ ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ. ಜಗಲಿಗೆ ಬಂದು ಕೂತ ನಾನು ಅಭ್ಯಾಸಬಲದಿಂದ “ಶೀನಣ್ಣ, ಈ ಜಾತಕದ್ದು...” ಎಂದು ಶುರು ಮಾಡಿದೆ. ಅವರು, “ಕೂಡ್ತದೆ ಅಂತ ನೀವೇ ಫೋನು ಮಾಡಿದ್ದು ಅಲ್ವಾ?” ಎಂದರು. ಅಲ್ಲಿಗೆ ಗ್ರಹಗಳೂ ನನ್ನ ಕೈಬಿಟ್ಟವು.

“ಹುಡುಗಿಗೆ ಮನಸ್ಸಿಲ್ಲ” ಎಂದೆ. “ಅವಳು ಸೋಮವಾರವೇ ಹೇಳಿದ್ದಾಳೆ. ನಿಮಗೆ ಹೇಳಬೇಕಾದವನು ನಾನು. ನನಗೆ ಕೇಳಲಿಲ್ಲ.”

“ಕೇಳಲಿಲ್ಲ ಅಂದ್ರೆ? ಕಿವಿಯದ್ದು ಏನಾದ್ರೂ ತೊಂದರೆ ಉಂಟಾ?” ಎಂದು ಹುಡುಗನ ತಾಯಿ ಪಾಪ, ನಿಜವಾದ ಕಾಳಜಿಯಿಂದ ಕೇಳಿದರು. ಉಂಟು ಎಂದಿದ್ದರೆ ಬಚಾವಾಗುತ್ತಿದ್ದೆ. ಆದರೆ ಹಮೀದಾಕ ಎದುರಿಗೇ ಕೂತಿದ್ದರು, ಬಾಗಿಲ ಹಿಂದೆ ಮಗಳಿದ್ದಳು.

“ಇಲ್ಲ. ನಾನು ಆಗ ಮೊಬೈಲಿನಲ್ಲಿ ಗುಂಡು ಹೊಡೆಯುತ್ತಿದ್ದೆ.”

ಶೀನಣ್ಣ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಆಗ, ಅದುವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗ ತಲೆಯೆತ್ತಿ, “ಎಷ್ಟು ದೂರಕ್ಕೆ?” ಎಂದು ಕೇಳಿದ.

“ನಾನೂರು ಮೀಟರ್” ಎಂದೆ.

“ನಿಂತಿದ್ದನಾ, ಓಡ್ತಾ ಇದ್ದನಾ?”

“ಓಡ್ತಾ ಇದ್ದ!” ಎಂದೆ. ಹೇಗೆ ಹೇಳಲಿ, ನನ್ನ ಸ್ವರದಲ್ಲಿ ಹೆಮ್ಮೆ ಇತ್ತು. ಕುರ್ಚಿಯ ತುದಿಗೆ ಬಂದು, ಎರಡು ಹೆಜ್ಜೆ ಮುಂದೆ ಗುರಿ ಹಿಡಿದದ್ದನ್ನು ಕೈಯಲ್ಲಿ ತೋರಿಸಲು ಶುರು ಮಾಡಿದ್ದೆ. ಒಳಗೆ ವಸಂತಿಯ ಕೈಯಿಂದ ಒಂದು ಸ್ಟೀಲಿನ ತಟ್ಟೆ ಬಿತ್ತು, ಅಥವಾ ಅವಳೇ ಬೀಳಿಸಿದಳು. ನನ್ನ ಕೈ ಗಾಳಿಯಲ್ಲೇ ನಿಂತಿತು.

ಹೋಗುವಾಗ ಶೀನಣ್ಣ ಚಪ್ಪಲಿ ಮೆಟ್ಟಿಕೊಂಡು, “ಹುಡುಗಿ ಬೇಡ ಅಂದದ್ದಕ್ಕೆ ನಮಗೆ ಬೇಸರ ಇಲ್ಲ ಸದಾಶಿವರೇ. ಒಂದು ಫೋನು ಮಾಡಿದ್ದರೆ ಆಗ್ತಿತ್ತು” ಎಂದಷ್ಟೇ ಹೇಳಿದರು. ಹಮೀದಾಕ ಗೇಟಿನವರೆಗೆ ಹೋದವರು ತಿರುಗಿ ಬಂದು, “ಅವಳು ಹೇಳಿದ್ದನ್ನು ನಾನೂ ಕೇಳಿದ್ದೆ. ಅಪ್ಪ ಮಗಳ ಮಧ್ಯೆ ಯಾಕೆ ಮಾತಾಡುವುದು ಅಂತ ಸುಮ್ಮನಿದ್ದೆ. ನನ್ನದೂ ತಪ್ಪು” ಎಂದರು. ತಪ್ಪಿನಲ್ಲಿ ಪಾಲು ಕೊಡಲು ನನಗೆ ಮನಸ್ಸಾಗಲಿಲ್ಲ.

ಆಟವನ್ನು ಅಳಿಸಿದೆ. ವಸಂತಿ ಹದಿನೈದು ದಿನ ಮಾತು ಬಿಟ್ಟಳು. ಬರೀ ತೆಂಗಿನಕಾಯಿಯ ಜೊತೆ ಮಾತಾಡಿದಳು. ಮಗಳು ಮಾತು ಬಿಡಲಿಲ್ಲ. ಈಗಲೂ ಐದು ಗಂಟೆಗೆ ಫೋನು ಮಾಡುತ್ತಾಳೆ, ತರಗತಿಯ ಸುದ್ದಿ, ರೂಮಿನ ಸುದ್ದಿ ಎಲ್ಲ ಹೇಳುತ್ತಾಳೆ. ಕೊನೆಗೆ ಮಾತ್ರ, ಹಿಂದಿನ ಬೆಂಚಿನವನನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ, “ನಾನು ಈಗ ಏನು ಹೇಳಿದೆ, ಹೇಳಿ ಅಪ್ಪ” ಎನ್ನುತ್ತಾಳೆ. ಹೇಳುತ್ತೇನೆ. ತಪ್ಪಿದರೆ ಸಿಟ್ಟಾಗದೆ ಮೊದಲಿಂದ ಹೇಳುತ್ತಾಳೆ. ಹತ್ತಕ್ಕೆ ಏಳು ಸಲ ಸರಿಯಾಗುತ್ತದೆ. ಕಳೆದ ತಿಂಗಳು ಹತ್ತಕ್ಕೆ ಐದಿತ್ತು. ಹೆತ್ತ ಮಗಳ ಮಾತು ಕಿವಿಗೆ ಬಿದ್ದದ್ದನ್ನೂ ಹೀಗೆ ಅಂಕ ಹಾಕಿಕೊಂಡು, ಸುಧಾರಿಸುತ್ತಿದ್ದೇನೆಂದು ಒಳಗೊಳಗೇ ಬೀಗುವ ಮನುಷ್ಯ ನಾನು. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.