ಶಾಂತಾಳ ಎಮ್ಮೆಯೂ ನನ್ನ ಹಳೆಯ ಕೋಟೂ

ಡಾಕ್ಟರಿಗೆ ಜ್ವರ ಬಂದರೆ ಊರು ಮರುಗುತ್ತದೆ. ಮೇಷ್ಟರ ಮಗ ನಪಾಸಾದರೂ ‘ಪಾಪ’ ಎನ್ನುವವರು ನಾಲ್ಕು ಮಂದಿ ಇರುತ್ತಾರೆ. ಕಳ್ಳರ ಪರವಾಗಿ ವಾದಿಸುವ ವಕೀಲನ ಮನೆಯಲ್ಲಿ ಕಳವಾದರೆ ಮಾತ್ರ ವಿಚಾರಿಸಲು ಬರುವವರು ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡೇ ಬರುತ್ತಾರೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ರಾಯಚೂರಿನ ನಮ್ಮ ಮನೆಯ ಹಿತ್ತಲಿನಿಂದ ನನ್ನ ಹೆಂಡತಿ ಶಾಂತಾಳ ಎಮ್ಮೆ ಕಳವಾಯಿತು. ಹಾಗೆ ವಿಚಾರಿಸಲು ಬಂದವರಿಗೆ ಚಹಾ ಕೊಡೋಣವೆಂದರೆ ಮನೆಯಲ್ಲಿ ಹಾಲೂ ಇರಲಿಲ್ಲ.

ನಾನು ಕ್ರಿಮಿನಲ್ ವಕೀಲ. ಅಂದರೆ, ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಕೋರ್ಟುಗಳಿಗೆ ಬಸ್ಸಿನಲ್ಲಿ ಓಡಾಡುವುದು ನನ್ನ ವೃತ್ತಿ, ನಡುವೆ ಸಿಕ್ಕ ಸಮಯದಲ್ಲಿ ವಾದ. ನಮ್ಮ ಕಡೆಯ ಬಿಸಿಲಿನಲ್ಲಿ ಕರಿ ಕೋಟು ತೊಟ್ಟು ಬಸ್ಸಿನ ಬಾಗಿಲಿಗೆ ಜೋತುಬಿದ್ದವನಿಗೆ, ಆರೋಪಿಗಿಂತ ಮುಂಚೆ ತನಗೇ ಶಿಕ್ಷೆಯಾಗಿದೆ ಎನ್ನಿಸಿದರೆ ತಪ್ಪಿಲ್ಲ. ಕಕ್ಷಿದಾರರಿಗೆಲ್ಲ ನಾನು ಕೊಡುತ್ತಿದ್ದ ಸಲಹೆ ಒಂದೇ: “ಸಾಹೇಬ್ರು ಏನ್ ಕೇಳಿದ್ರೂ ಬಾಯಿ ಬಿಡಬ್ಯಾಡ. ಮಾತಾಡಾಕ ನಾನದೀನಿ.” ಅವರು ಬಾಯಿ ಬಿಡುತ್ತಿರಲಿಲ್ಲ, ನಾನು ಮಾತಾಡುತ್ತಿದ್ದೆ, ಬಹುಮಟ್ಟಿಗೆ ಅವರು ಜೈಲಿಗೆ ಹೋಗುತ್ತಿದ್ದರು.

ಇಂಥ ನನಗೂ ಒಮ್ಮೆ ಹೆಸರು ಬಂತು. ದೇವದುರ್ಗದಲ್ಲಿ ಒಂದು ಎಮ್ಮೆ ಕಳವಿನ ಕೇಸು, ನಾನು ಆರೋಪಿಯ ಪರ. ಎಮ್ಮೆ ಕಳಕೊಂಡವನು ಗಬ್ಬೂರಿನ ರೈತ. “ಎಲ್ಲಾ ಎಮ್ಮಿನೂ ಕರ್ರಗ ಇರ್ತಾವ. ಇದು ನಿಂದ ಅಂತ ಹ್ಯಾಂಗ ಹೇಳ್ತಿ?” ಎಂದು ಕೇಳಿದೆ. “ನನ್ನ ಎಮ್ಮಿ ನನಗ ಗೊತ್ತಿಲ್ಲೇನ್ರಿ?” ಎಂದ. ಬಿಡುವೆನೇ ನಾನು? ಊರಿನ ಬೇರೆ ಎಮ್ಮೆಗಳ ಜೊತೆಗೆ ಅದನ್ನೂ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಕಟ್ಟಿಸಿ, ಗುರುತು ಹಿಡಿಯಲಿ ಎಂದು ಅರ್ಜಿ ಹಾಕಿದೆ. ಸುತ್ತ ನಿಂತ ಕರಿ ಕೋಟುಗಳನ್ನು ನೋಡಿಯೇ ಗಾಬರಿಯಾಗಿದ್ದ ಆ ಮನುಷ್ಯ ಎರಡು ಎಮ್ಮೆಗಳ ನಡುವೆ ನಿಂತು ತಲೆ ಕೆರೆದುಕೊಂಡ. ನನ್ನ ಕಕ್ಷಿದಾರ ಬಿಡುಗಡೆಯಾದ. ಅಂದಿನಿಂದ ನಾನು ಈ ಕಥೆಯನ್ನು ಕೇಳದವರಿಗೂ ಹೇಳುತ್ತಿದ್ದೆ, ಕೇಳಿದವರಿಗೂ ಹೇಳುತ್ತಿದ್ದೆ. ಹಾಲು ಹಿಂಡುತ್ತಿದ್ದ ಶಾಂತಾಳಿಗೂ ಹೇಳಿದೆ.

“ಖರೇ ಹೇಳ್ರಿ, ಅದು ಆತಂದೇ ಎಮ್ಮಿ ಇತ್ತಲ್ಲ?” ಎಂದಳು.

“ಇದ್ರ ಇರಲಿ. ಗುರುತು ಹಿಡೀಬೇಕಿತ್ತು.”

ಆ ದಿನ ನನ್ನ ಚಹಾಕ್ಕೆ ಹಾಲು ಸ್ವಲ್ಪ ಕಡಿಮೆಯೇ ಬಿತ್ತು.

ಶಾಂತಾಳ ಎಮ್ಮೆ ಅವಳ ತವರೂರು ಚಂದ್ರಬಂಡದಿಂದ ಕರುವಾಗಿ ಬಂದದ್ದು. ನಮಗೆ ಮಕ್ಕಳಿರಲಿಲ್ಲ. ಅದನ್ನು ಅವಳು ಸಾಕಿದ್ದು ಹೇಗೆಂದು ಇದರ ಮೇಲೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಈದ ವರ್ಷ ಕರು ಸತ್ತುಹೋಯಿತು. ಕರು ಕಾಣದಿದ್ದರೆ ಎಮ್ಮೆ ಹಾಲು ಇಳಿಸುವುದಿಲ್ಲ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ, ಹಿಂಡುವಾಗ ಎಮ್ಮೆಯ ಮುಂದೆ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಚರ್ಮ ಸುಲಿಸಲು ಶಾಂತಾಳಿಗೆ ಮನಸ್ಸು ಬರಲಿಲ್ಲ. ನನ್ನ ಹಳೆಯ ಕೋರ್ಟಿನ ಕೋಟು ತಂದು, ಸತ್ತ ಕರುವಿನ ಮೈಗೆಲ್ಲ ಚೆನ್ನಾಗಿ ಉಜ್ಜಿ, ಒಳಗೆ ಹುಲ್ಲು ತುಂಬಿ ಹೊಲಿದಳು. ಎಮ್ಮೆ ಮೂಸಿತು, ನೆಕ್ಕಿತು, ಹಾಲು ಬಿಟ್ಟಿತು. ಎಷ್ಟೋ ವರ್ಷ ನನ್ನ ಮೈಮೇಲಿದ್ದಾಗ ಯಾರೂ ನಂಬದಿದ್ದ ಕೋಟನ್ನು ಅದು ಒಂದೇ ಹೊತ್ತಿಗೆ ನಂಬಿತು.

ಎಮ್ಮೆ ಕಳವಾದ ಮೇಲೆ ಶಾಂತಾ ಆ ಹುಲ್ಲಿನ ಕರುವನ್ನು ಹಿತ್ತಲಿನಿಂದ ಒಳಗೆ ತಂದಿಟ್ಟುಕೊಂಡಳು. ಸರಿಯಾಗಿ ಊಟ ಮಾಡಲಿಲ್ಲ. “ಮಂದಿ ಎಮ್ಮಿ ಕದ್ದವ್ರನ್ನ ಬಿಡಿಸಿಕೊಂಡು ಬರ್ತೀರಿ. ನನ್ನ ಎಮ್ಮಿ ಬಿಡಿಸಿಕೊಂಡು ಬರ್ರಿ ನೋಡೋಣ” ಎಂದು ಅತ್ತಳು. ನಾನು ಠಾಣೆಗೆ ಹೋಗಿ ದೂರು ಬರೆಸಿದೆ.

ಕೊನೆಗೆ ಮಾನ್ವಿಯ ದನದ ಸಂತೆಯಲ್ಲಿ ಪೊಲೀಸರು ಎಮ್ಮೆಯನ್ನೂ ಅದನ್ನು ಮಾರಲು ನಿಂತವನನ್ನೂ ಹಿಡಿದರು. ಎಮ್ಮೆ ತನ್ನದೇ ಎಂದು ಅವನು ಹಟ ಹಿಡಿದ. ಅವನ ವಕೀಲ ಮೆಹಬೂಬ್, ನನ್ನ ಕೈಕೆಳಗೆ ಕೆಲಸ ಕಲಿತು ಮಾನ್ವಿಯಲ್ಲಿ ಬೋರ್ಡು ಹಾಕಿಕೊಂಡವನು, ಅದೇ ಎಮ್ಮೆಯ ಮೊಸರುಂಡವನು. ಮಾನ್ವಿಯ ಕೋರ್ಟಿನಲ್ಲಿ ಶಾಂತಾ ಕಟಕಟೆ ಹತ್ತಿದಳು. ಮೆಹಬೂಬ್ ಕೈ ಮುಗಿದೇ ಶುರುಮಾಡಿದ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಎಲ್ಲಾ ಎಮ್ಮಿನೂ ಕರ್ರಗ ಇರ್ತಾವ. ಇದು ನಿಮ್ಮದ ಅಂತ ಹ್ಯಾಂಗ ಹೇಳ್ತೀರಿ?”

ಕೋರ್ಟಿನಲ್ಲಿದ್ದ ವಕೀಲರೆಲ್ಲ ನನ್ನ ಕಡೆ ತಿರುಗಿದರು. ನಾನು ಫ್ಯಾನಿನ ಕಡೆ ನೋಡಿದೆ. ಮೆಹಬೂಬ್ ಅಷ್ಟಕ್ಕೇ ನಿಲ್ಲದೆ ಅರ್ಜಿಯನ್ನೂ ಹಾಕಿದ. ಅಂಗಳದಲ್ಲಿ ಎಮ್ಮೆಗಳನ್ನು ಕಟ್ಟಿಸಬೇಕು, ಗುರುತು ಹಿಡಿಸಬೇಕು. ಒಂದು ಅಕ್ಷರವೂ ಬದಲಾಗದ ನನ್ನದೇ ಅರ್ಜಿ.

“ನಾನು ಗುರುತು ಹಿಡಿಯೂದು ಬ್ಯಾಡ್ರಿ ಸಾಹೇಬ್ರ” ಎಂದಳು ಶಾಂತಾ. “ಎಮ್ಮಿನೇ ಹಿಡೀಲಿ.”

ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಮ್ಯಾಜಿಸ್ಟ್ರೇಟರಿಗೆ ಕುತೂಹಲವಾಯಿತು. “ಅದು ಹೇಗಮ್ಮಾ?” ಎಂದರು. ಅವಳು ಕೈಚೀಲದಿಂದ ಹಳೆಯ ಕೋಟು ತೆಗೆದಳು. ಹೊಲಿಗೆ ಬಿಚ್ಚಿ, ಹುಲ್ಲು ಜಾಡಿಸಿ, ನನಗೊಂದು ಮಾತೂ ಹೇಳದೆ ತಂದಿದ್ದಳು. “ಇದನ್ನ ಹಾಕ್ಕೊಂಡು ಅಂಗಳದಾಗ ನಿಂದರ್ರಿ” ಎಂದಳು ನನಗೆ. ಕೋರ್ಟಿನೊಳಗೆ ನನಗೆ ಅಷ್ಟು ಸ್ಪಷ್ಟವಾದ ಆದೇಶ ಯಾವ ನ್ಯಾಯಾಧೀಶರೂ ಕೊಟ್ಟಿರಲಿಲ್ಲ.

ಹಾಕಿಕೊಂಡೆ. ತೋಳಿನೊಳಗೆ ಉಳಿದ ಹುಲ್ಲು ಚುಚ್ಚುತ್ತಿತ್ತು. ಕರಿ ಕೋಟಿನ ವಕೀಲರೆಲ್ಲ ಸಾಲಾಗಿ ನಿಂತರು, ನಡುವೆ ನಾನು. ಎಮ್ಮೆಗಳ ಹಗ್ಗ ಬಿಚ್ಚಿದರು. ಉಳಿದವು ನಿಂತಲ್ಲೇ ಮೆಲುಕು ಹಾಕಿದವು. ಒಂದು ಮಾತ್ರ ತಲೆಯೆತ್ತಿ ಗಾಳಿ ಮೂಸಿತು, ಕೂಗಿತು, ನೇರವಾಗಿ ನನ್ನ ಹತ್ತಿರ ಬಂದು ಹೊಟ್ಟೆಯಿಂದ ಗಂಟಲಿನವರೆಗೆ ನೆಕ್ಕಲು ಶುರುಮಾಡಿತು. ಓಡೋಣವೆಂದರೆ ಶಾಂತಾ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. ಅದನ್ನು ನೋಡಿ ನಾನೂ ನಿಂತೆ. ಕನ್ನಡಕ ಹೋಯಿತು, ಕಿವಿ ಒದ್ದೆಯಾಯಿತು.

“ಏನಾದರೂ ಪ್ರಶ್ನೆ ಕೇಳುತ್ತೀರಾ?” ಎಂದು ಮ್ಯಾಜಿಸ್ಟ್ರೇಟರು ಮೆಹಬೂಬನನ್ನು ಕೇಳಿದರು.

“ಸಾಬ್, ನನಗ ಎಮ್ಮಿ ಭಾಷಾ ಬರಂಗಿಲ್ರಿ” ಎಂದ.

ಎಮ್ಮೆಯನ್ನು ಶಾಂತಾಳ ವಶಕ್ಕೆ ಕೊಡಬೇಕೆಂದು ಆದೇಶವಾಯಿತು. ಅವಳು ಅದರ ಕೊರಳು ತಬ್ಬಿಕೊಂಡು ಬಹಳ ಹೊತ್ತು ನಿಂತಳು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಈ ಕಥೆಯನ್ನು ಬಾರ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆದರೆ ಮ್ಯಾಜಿಸ್ಟ್ರೇಟರು ಶಿಸ್ತಿನ ಮನುಷ್ಯ. ಗುರುತಿಗೆ ಆಧಾರವಾದ ಕೋಟು ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷ್ಯದ ವಸ್ತು, ಎಂದು ಬರೆಸಿ, ಚೀಟಿ ಅಂಟಿಸಿ, ಕೇಸು ಮುಗಿಯುವವರೆಗೆ ಕೋರ್ಟಿನ ಕೋಣೆಯಲ್ಲಿ ಇಡಿಸಿಬಿಟ್ಟರು. ಕೇಸು ಮುಗಿಯುವ ಲಕ್ಷಣ ಕಾಣಲಿಲ್ಲ. ಪ್ರತಿ ಸಲವೂ ಮೆಹಬೂಬ್ ಒಂದಲ್ಲ ಒಂದು ನೆಪ ಹೇಳಿ ವಾಯಿದೆ ತೆಗೆದುಕೊಳ್ಳುತ್ತಾನೆ. ಆ ನೆಪಗಳನ್ನೆಲ್ಲ ಅವನಿಗೆ ಕಲಿಸಿದವನು ನಾನೇ.

ಅಲ್ಲಿಯವರೆಗೆ ಎಮ್ಮೆಗೆ ಕರು ಬೇಡವೇ? ಅಂಗಳದಲ್ಲಿ ನೆಕ್ಕಿದ ದಿನದಿಂದ ಅದು ನನ್ನನ್ನೇ ಕರು ಎಂದುಕೊಂಡಿದೆ. ಆದ್ದರಿಂದ ದಿನಾ ಬೆಳಿಗ್ಗೆ ನಾನು ಈಗಿನ ಕೋರ್ಟಿನ ಕೋಟು ಹಾಕಿಕೊಂಡು ಹಿತ್ತಲಿಗೆ ಹೋಗಿ ಅದರ ಮುಂದೆ ನಿಲ್ಲುತ್ತೇನೆ, ಶಾಂತಾ ಹಾಲು ಹಿಂಡುತ್ತಾಳೆ. ಮುಗಿಸಿ, ಮುಖ ತೊಳೆದು, ಬಸ್ಸು ಹಿಡಿದು ಕೋರ್ಟಿಗೆ ಹೋಗುವಷ್ಟರಲ್ಲಿ ನನ್ನ ಕೇಸು ಕೂಗಿ ಆಗಿರುತ್ತದೆ. “ಯಾಕೆ ವಕೀಲರೇ, ದಿನಾ ತಡ?” ಎಂದು ಸಾಹೇಬರು ಕೇಳುತ್ತಾರೆ. ನನ್ನ ಕಕ್ಷಿದಾರ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಾನೆ. ಅವನಿಗೆ ಕೊಟ್ಟ ಸಲಹೆ ನೆನಪಾಗಿ, ನಾನೂ ಬಾಯಿ ಬಿಡದೆ ನಿಲ್ಲುತ್ತೇನೆ.